ಮ್ಯಾನೇಜರ್ ಸಾಹೇಬರ ಮುಖಾಂತರ

ಬಸ್ ಡಿಪೋದಲ್ಲಿ ಹೊತ್ತಿದ ಬೆಂಕಿಯನ್ನು ಮರಳು ಸುರಿದು ಆರಿಸಿದವಳು ಕಸ ಗುಡಿಸುವ ನೀಲವ್ವ. ಅವಳನ್ನು ಹೊಗಳಿ ನಾವು ಗೋಡೆಗೆ ಚೀಟಿ ಅಂಟಿಸಿದರೆ ಮ್ಯಾನೇಜರ್ ಹರಿದು ಬಿಸಾಕಿದ.

"ಇಲ್ಲಿ ಯಾವ ಕಾಗದ ಆದ್ರೂ ನನ್ನ ಮುಖಾಂತರಾನ ಹೋಗಬೇಕು!"

ಗುಮಾಸ್ತನಾದ ನನಗೆ ಮೈಯೆಲ್ಲ ಉರಿಯಿತು. ಮರುದಿನ ಡ್ರೈವರ್, ಕಂಡಕ್ಟರುಗಳು ಬರೆದ ನಲವತ್ತು ಮೆಚ್ಚುಗೆಯ ಪತ್ರಗಳನ್ನು ಅವನ ಮೇಜಿನ ಮೇಲೆ ಕುಕ್ಕಿದೆ. ಎಲ್ಲದರ ತಲೆಯಲ್ಲೂ ಒಂದೇ ವಿಳಾಸ: "ಇವರಿಗೆ: ನೀಲವ್ವ. ಮುಖಾಂತರ: ಮ್ಯಾನೇಜರ್ ಸಾಹೇಬರು."

"ಏನಲೇ ಇದು?"

"ನಿಮ್ದ ಆರ್ಡರ್ ರೀ. ಸಹಿ ಮಾಡಿ ಮುಟ್ಟಸ್ರಿ. ಇಲ್ಲಂದ್ರ ಯಾಕಿಲ್ಲಂತ ಬರದು ಕೊಡ್ರಿ, ಮ್ಯಾಲಿನ ಆಫೀಸಿಗೆ ಕಳಸ್ತೀನಿ."

ಹಲ್ಲು ಕಡಿಯುತ್ತ ಸಹಿ ಮಾಡಿದ. ಅಂಗಳಕ್ಕೆ ಹೋಗಿ, ಗುಡಿಸುತ್ತಿದ್ದ ನೀಲವ್ವನತ್ತ ಪತ್ರಗಳ ಕಟ್ಟು ಚಾಚಿದ. ಅವಳು ಪೊರಕೆ ಬಿಡಲಿಲ್ಲ.

"ನನಗ ಓದಾಕ ಬರಂಗಿಲ್ರಿ. ನೀವ ಓದ್ರಿ."

ಎಲ್ಲರೂ ಸುತ್ತ ನೆರೆದರು. ಮೂರನೇ ಪತ್ರಕ್ಕೆ ಅವನ ದನಿ ಕುಗ್ಗಿತು.

"ಜೋರಾಗಿ ಓದ್ರಿ ಸಾಹೇಬ್ರ," ಅಂದಳು ನೀಲವ್ವ. "ಹಿಂದಿನವ್ರಿಗೆ ಕೇಳವಲ್ದು."