ಎಡಗೈ ಪಕ್ಕದ ಜಾಗ

ಹೊಳೆದಂಡೆಯ ಆಶ್ರಮದಲ್ಲಿ ಉಸಿರು ಬಿಗಿಹಿಡಿಯುವುದರಲ್ಲಿ ಹಾಲೇಶನನ್ನು ಮೀರಿಸುವವರೇ ಇರಲಿಲ್ಲ.

ಇರುವುದಾದರೂ ಹೇಗೆ? ಇಪ್ಪತ್ತು ವರ್ಷ ಕಬಡ್ಡಿ ಆಡಿದ ಆಸಾಮಿ. ಒಂದೇ ಉಸಿರಿಗೆ ಆಚೆ ನುಗ್ಗಿ ಮೂವರನ್ನು ಮುಟ್ಟಿ ಬಂದ ದಿನಗಳುಂಟು. ಮೈ ಮಾತು ಕೇಳದಂತಾದ ಮೇಲೆ ಆಟ ಬಿಟ್ಟು, ನೆಮ್ಮದಿ ಬೇಕೆಂದು ಆಶ್ರಮದ ಗುರು ಅಜ್ಜಯ್ಯನವರ ಬಳಿಗೆ ಬಂದಿದ್ದ.

ಬೆಳಗಿನ ಪ್ರಾಣಾಯಾಮದಲ್ಲಿ ಅವನು ಮುಚ್ಚುತ್ತಿದ್ದುದು ಒಂದೇ ಕಣ್ಣು. ಇನ್ನೊಂದರಲ್ಲಿ, ಯಾರು ಮೊದಲು ಉಸಿರು ಬಿಡುತ್ತಾರೆಂದು ನೋಡುತ್ತಿದ್ದ.

“ಇವತ್ತು ಯಾರು ಗೆದ್ದರಪ್ಪಾ?” ಎಂದು ಒಮ್ಮೆ ಅಜ್ಜಯ್ಯ ಕೇಳಿದರು.

“ನಾನೇ ಅಜ್ಜಯ್ಯ” ಎಂದುಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಆದರೆ ಆಚೆ ದಡದಲ್ಲಿ ಹಿಟ್ಟಿನ ಗಿರಣಿ ಶುರುವಾದರೆ ಸಾಕು, ಹಾಲೇಶನ ಉಸಿರು ತಪ್ಪುತ್ತಿತ್ತು. ಅಜ್ಜಯ್ಯ ಅದನ್ನು ಗಮನಿಸಿದ್ದರು. ಊಟದ ಪಂಕ್ತಿಯಲ್ಲಿ ಅವನು ತನ್ನ ಎಡಕ್ಕೆ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟು ಕೂರುವುದನ್ನೂ ನೋಡಿದ್ದರು.

ಒಂದು ಮಧ್ಯಾಹ್ನ ಅವರು ತಮ್ಮ ತಟ್ಟೆ ತಂದು ಆ ಜಾಗದಲ್ಲೇ ಕೂತರು. ಹಾಲೇಶನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

“ಇದು ಯಾರ ಜಾಗ?”

“ಯಾರದೂ ಅಲ್ಲ ಅಜ್ಜಯ್ಯ.”

“ಹಂಗಾದರೆ ಉಣ್ಣು.”

ಅವನಿಗೆ ಉಣ್ಣಲಾಗಲಿಲ್ಲ. ತುತ್ತನ್ನು ತಟ್ಟೆಗೇ ಇಟ್ಟ.

“ದಾದಾಪೀರಂದು” ಎಂದ ಕೊನೆಗೆ. “ಅಂಕಣದಾಗೆ ಕೈ ಕೈ ಹಿಡಕೊಂಡು ನಿಲ್ತೀವಲ್ಲ, ಆಗ ನನ್ನ ಎಡಗೈ ಯಾವಾಗಲೂ ಅವನ ಕೈಯಾಗೆ ಇರ್ತಿತ್ತು. ಎದುರಾಳಿ ಯಾವ ಕಡೆ ತಿರುಗ್ತಾನೆ ಅಂತ ಅವನು ಬೆರಳು ಒತ್ತಿ ಹೇಳೋನು.”

“ಈಗೆಲ್ಲಿದ್ದಾನೆ?”

“ಇಲ್ಲ ಅಜ್ಜಯ್ಯ. ತೀರಿಕೊಂಡ.”

ಊಟ ಮುಗಿಸಿ ಇಬ್ಬರೂ ಹೊಳೆಯ ಮೆಟ್ಟಿಲಿಗೆ ಬಂದರು. ಕೈ ತೊಳೆಯುತ್ತಾ ಹಾಲೇಶ ಉಳಿದದ್ದನ್ನೂ ಹೇಳಿದ. ಹನ್ನೊಂದು ವರ್ಷದ ಹಿಂದಿನ ಫೈನಲ್. ಆಚೆ ನುಗ್ಗಿದ್ದ ದಾದಾಪೀರನ ಪಾದವನ್ನು ಎದುರು ತಂಡದ ತಿಪ್ಪೇಶ ಹಿಡಿದ. ದಾದಾಪೀರ ಗೆರೆ ಮುಟ್ಟಿದ, ಆದರೆ ಮಂಡಿ ಮುರಿಯಿತು.

“ಗೆದ್ದವರು ಯಾರು?”

“ನಾವೇ.”

“ಅವನನ್ನ ಆಸ್ಪತ್ರೆಗೆ ಯಾರು ಕರಕೊಂಡು ಹೋದರು?”

ಹಾಲೇಶ ನೀರು ನೋಡಿದ. “ತಿಪ್ಪೇಶ. ಹೆಗಲ ಮೇಲೆ ಹೊತ್ತುಕೊಂಡು ಹೋದನಂತೆ.”

“ನೀನೆಲ್ಲಿದ್ದೆ?”

“ನಾನೂ ಹೆಗಲ ಮೇಲೇ ಇದ್ದೆ, ಅಜ್ಜಯ್ಯ. ಜನ ಎತ್ತಿಕೊಂಡು ಕುಣೀತಿದ್ದರು. ಕೈಯಾಗೆ ಕಪ್ ಇತ್ತು.”

ಆಚೆ ದಡದ ಗಿರಣಿ ಶುರುವಾಯಿತು. ಅವನ ಮಾತು ತಡವರಿಸಿತು.

“ನಾಳೆ ಹೋಗಿ ನೋಡೋಣ, ನಾಡಿದ್ದು ನೋಡೋಣ ಅಂತ ಎರಡು ವರ್ಷ ಕಳೆದೆ. ಯಾವ ಮುಖ ಇಟ್ಟುಕೊಂಡು ಹೋಗಲಿ? ಅಷ್ಟರಾಗೆ ಕಾಮಾಲೆ ಆಗಿ ಅವನೇ ಹೋಗಿಬಿಟ್ಟ. ಆವತ್ತು ಆಸ್ಪತ್ರೆಯಾಗೆ ನನ್ನನ್ನ ಬೈದನೋ, ‘ಹಾಲೇಶ ಬಂದನಾ’ ಅಂತ ಕೇಳಿದನೋ... ಅಷ್ಟು ಗೊತ್ತಾದರೆ ಸಾಕು. ಅವನ ದನಿ ಒಂದು ಸಲ ಕೇಳಬೇಕು ಅನ್ನಿಸ್ತದೆ.”

“ತಿಪ್ಪೇಶನಿಗೆ ಗೊತ್ತಿರಬೇಕಲ್ಲ.”

“ಅವನ ಹೆಸರು ಎತ್ತಬೇಡ್ರಿ. ಆ ಗಿರಣಿ ಅವನದೇ.”

ಅಜ್ಜಯ್ಯ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ, “ನನಗೆ ನಿಮ್ಮ ಆಟ ತಿಳಿಯೋದಿಲ್ಲ” ಎಂದರು. “ನಿಮ್ಮವನೊಬ್ಬ ಔಟಾಗಿ ಹೊರಗೆ ಕೂತಿದ್ದರೆ ಮತ್ತೆ ಒಳಗೆ ಹೆಂಗೆ ಬರ್ತಾನೆ?”

“ನಮ್ಮ ಕಡೆಯವನು ಆಚೆ ಹೋಗಿ ಎದುರಾಳೀನ ಮುಟ್ಟಿ ಬರಬೇಕು. ಆಗ ಬರ್ತಾನೆ.”

“ಈಚೆ ನಿಂತೇ ಕಬಡ್ಡಿ ಕಬಡ್ಡಿ ಅಂತಿದ್ದರೆ?”

“ಏನು ಬಂತು? ಉಸಿರು ದಂಡ.”

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ತಲೆ ಎತ್ತಿ ಆಚೆ ದಡ ನೋಡಿದ. ಎಷ್ಟೊಂದು ಸಮೀಪವಿತ್ತು.

ಅಜ್ಜಯ್ಯ ಆಗಲೇ ಹರಿಗೋಲಿನವನಿಗೆ ಕೈಬೀಸಿ ಕರೆದಿದ್ದರು.

ಹಾಲೇಶ ಪಂಚೆ ಎತ್ತಿ ಕಟ್ಟಿದ. ಒಂದು ಕಾಲನ್ನು ಹರಿಗೋಲಿನಲ್ಲಿಟ್ಟು, ಇನ್ನೊಂದನ್ನು ಮೆಟ್ಟಿಲ ಮೇಲೇ ಬಿಟ್ಟು ನಿಂತ. ಎಂಥೆಂಥ ಅಂಕಣಕ್ಕೆ ನುಗ್ಗಿದ ಕಾಲು, ಈಗ ಮೆಟ್ಟಿಲು ಬಿಡಲೊಲ್ಲದು.

“ತಿಪ್ಪೇಶನದು ಉಡದ ಪಟ್ಟು, ಅಜ್ಜಯ್ಯ. ಹಿಡಿದರೆ ಬಿಡೋ ಪೈಕಿ ಅಲ್ಲ.”

“ಹಿಡಿಯಲಿ ಬಿಡು” ಎಂದರು ಅಜ್ಜಯ್ಯ. “ನಿನ್ನನ್ನ ಯಾರಾದರೂ ಹಿಡಿದು ಎಷ್ಟು ವರ್ಷ ಆಯ್ತು?”