ಅರೆಹಾಳದ ಕಣಿಗಾತಿ ಗುಡ್ಡ

ಅರೆಹಾಳದಲ್ಲಿ ಬಸ್ಸಿಳಿದು ಬಡಗಣ ದಿಕ್ಕಿಗೆ ಮುಖ ಮಾಡಿದರೆ ಒಂದು ಮಗ್ಗುಲು ಕುಸಿದ ಕೆಂಪು ಗುಡ್ಡ ಕಾಣುತ್ತದೆ. ಅದೇ ಕಣಿಗಾತಿ ಗುಡ್ಡ. ಮೇಲೆ ಗುಡಿಯಿಲ್ಲ, ಕುರಿ ಕಾಯುವವರನ್ನು ಬಿಟ್ಟರೆ ಹತ್ತುವವರೂ ಇಲ್ಲ. ಈಗ ಊರಲ್ಲಿ ಕಣಿಗಾತಿ ಎಂದರೆ ಬೈಗುಳ. ಮದುವೆ ಚಪ್ಪರದ ಕೆಳಗೆ ನಿಂತು ಯಾವಳಾದರೂ ಮಳೆ ಬರುವ ಹಾಗಿದೆ ಎಂದರೆ ಸಾಕು, ‘ಬಂದ್ಲು ನೋಡು ಕಣಿಗಾತಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಕಣಿ ಎಂದರೆ ಮುಂದಾಗುವುದನ್ನು ಅರಿತು ನುಡಿಯುವ ಮಾತು, ನುಡಿಯುವವಳು ಕಣಿಗಾತಿ. ಬುಟ್ಟಿ ಹೊತ್ತು ಬಂದು ಅಂಗೈ ನೋಡುವವಳಿಗೆ ಆ ಹೆಸರು ಇಲ್ಲಿ ಸಲ್ಲುತ್ತಿರಲಿಲ್ಲ ಎನ್ನುತ್ತಾರೆ ಊರ ಹಿರಿಯ ದ್ಯಾವಪ್ಪಜ್ಜ. ಬಂಡೆಗೆ ಕಿವಿ ಹಚ್ಚಿ ಕೂತಷ್ಟು ಹೊತ್ತು ಮಾತ್ರ ಅವಳು ಕಣಿಗಾತಿ. ಎದ್ದು ಸೆರಗು ಕೊಡವಿದಳೆಂದರೆ ಮತ್ತೆ ಎಲ್ಲರಂತೆ ಹೆಂಗಸು.

ಹಿಂದೆ ಒಮ್ಮೆ, ಎಷ್ಟು ಹಿಂದೆ ಎಂದು ಅಜ್ಜನಿಗೂ ಗೊತ್ತಿಲ್ಲ, ಈ ಊರಿನವರು ಗುಡ್ಡದ ಬುಡದಲ್ಲಿ ಬೀಸುವ ಕಲ್ಲು ಕಡಿದು ಬದುಕುತ್ತಿದ್ದರು. ಹೊಸ ಬಂಡೆಗೆ ಉಳಿ ಹಾಕುವ ಮುಂಚೆ ಗಾಳೆವ್ವ ಎಂಬಾಕೆ ಅದಕ್ಕೆ ಕಿವಿ ಹಚ್ಚುತ್ತಿದ್ದಳು. ಹಾಕಿರಿ ಎಂದರೆ ಹಾಕುವುದು, ಬ್ಯಾಡ ಎಂದರೆ ಹತ್ತಾಳು ಸಾಮಾನು ಹೊತ್ತು ಮನೆಗೆ ಬರುವುದು. ಕಣಿಗಿದ್ದ ಕಟ್ಟಳೆ ಒಂದೇ: ತನ್ನವರು ಕೆಲಸಕ್ಕಿದ್ದ ದಿನ ಅವಳ ಕಣಿ ನಡೆಯದು. ಕರುಳಿನ ಭಯ ಕಲ್ಲಿನ ಮಾತಿನಲ್ಲಿ ಬೆರೆಯುತ್ತದೆ ಎಂಬುದು ಹಿರಿಯರ ನಂಬಿಕೆ. ಹಾಗಾಗಿ ಅವಳ ಗಂಡ ಹುಲಿಗಪ್ಪ ದೂರದ ಊರಿಗೆ ಕಲ್ಲು ಹೊತ್ತು ಮಾರುತ್ತಿದ್ದನೇ ಹೊರತು ಬಂಡೆ ಮುಟ್ಟುತ್ತಿರಲಿಲ್ಲ. ಒಂದು ಬೇಸಿಗೆ ಆಳು ಕಡಿಮೆ ಬಿದ್ದಾಗ ಕೆಲಸದ ಮುಖ್ಯಸ್ಥ ತಿಮ್ಮಣ್ಣ ಅವನನ್ನೂ ಕರೆದ. ಗಾಳೆವ್ವ ನೀರು ಕೊಡಲು ಹೋದವಳು, ಯಾರೂ ಕೇಳದಿದ್ದರೂ ಬಂಡೆಗೆ ಕಿವಿ ಹಚ್ಚಿದಳು. ಎದ್ದಾಗ ಮುಖ ಬಿಳಿಚಿತ್ತು. ಬ್ಯಾಡ ಎಂದಳು.

ಆಳುಗಳು ನಕ್ಕರು. ‘ಗಂಡನ ಮ್ಯಾಲೆ ಇಷ್ಟ್ ಪ್ರೀತಿ ಐತೇನವ್ವಾ, ನಮಗ ಗೊತ್ತ ಇರಲಿಲ್ಲ’ ಎಂದನೊಬ್ಬ. ತಿಮ್ಮಣ್ಣ ನಗಲಿಲ್ಲ. ಕಟ್ಟಳೆ ಮುರಿದರೆ ನಾಳೆ ಯಾವ ಕಣಿಯನ್ನು ನಂಬುವುದು ಎಂದು ಅವಳನ್ನೇ ಕೇಳಿದ. ಹಾಗಾದರೆ ಗಂಡನನ್ನು ಮನೆಗೆ ಕಳಿಸಿ ಆಮೇಲೆ ಕೇಳಿರಿ ಎಂದು ಆಕೆ ಕೈ ಮುಗಿದಳು. ಆದರೆ ಕಲ್ಲು ಕಡಿಯುವವರ ಪದ್ಧತಿಯಂತೆ ಬೆಳಿಗ್ಗೆ ಉಳಿಗೆ ಕುಂಕುಮ ಹಚ್ಚಿ ಹಿಡಿದವನು ಹೊತ್ತು ಮುಳುಗುವ ತನಕ ಅದನ್ನು ಕೆಳಗಿಡುವಂತಿರಲಿಲ್ಲ. ಹುಲಿಗಪ್ಪ ಅವಳ ಕಣ್ಣು ತಪ್ಪಿಸಿ, ‘ನಾಕ ಮಂದ್ಯಾಗ ಮರ್ಯಾದಿ ಕಳೀಬ್ಯಾಡ, ನಡಿ ಮನೀಗೆ’ ಎಂದ. ಅವಳು ಅವನ ತೋಳು ಹಿಡಿದು ಎಳೆದಳು. ಇಬ್ಬರು ಹೆಂಗಸರು ಬಂದು ಅವಳನ್ನು ಹೊಲದ ಬದುವಿನವರೆಗೆ ನಡೆಸಿಕೊಂಡು ಹೋಗಿ ಕೂರಿಸಿದರು. ಅಲ್ಲಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಅವಳು ಅದನ್ನೇ ಕೇಳುತ್ತ ಕೂತಳು, ಬೇರೇನೂ ಮಾಡುವುದಕ್ಕಿರಲಿಲ್ಲ. ಊಟದ ಹೊತ್ತಾದಾಗ ಮೊದಲು ಆ ಸದ್ದು ನಿಂತಿತು. ಆಮೇಲೆ ಗುಡ್ಡದ ಮಗ್ಗುಲು ಕುಸಿದು ಬಂತು. ಒಂಬತ್ತು ಮಂದಿ ಅದರಡಿ ಸಿಕ್ಕು ಸತ್ತರು.

ಹುಣ್ಣಿಮೆ ಕಳೆದ ಮೇಲೆ ತಿಮ್ಮಣ್ಣ ಅವಳ ಹೊಸ್ತಿಲಿಗೆ ಬಂದು ಕೂತನಂತೆ. ಇನ್ನು ಮೇಲೆ ನಿನ್ನ ಮಾತು ಮೀರುವುದಿಲ್ಲ, ಬೇರೆ ಬಂಡೆ ನೋಡಿದ್ದೇವೆ, ಬಂದು ಕಿವಿ ಹಚ್ಚು ಎಂದು ಬೇಡಿದ. ಗಾಳೆವ್ವ ಅಳಲಿಲ್ಲ, ಬೈಯಲೂ ಇಲ್ಲ.

‘ಹೂಂ ಅಣ್ಣಾ, ಈಗ ಕೇಳ್ರಿ. ಈಗ ನನ್ನ ಮಾತು ನಡೀತೈತಿ. ನನ್ನವರು ಅಂತ ಯಾರೂ ಉಳದಿಲ್ಲ’ ಎಂದಳು.

ತಿಮ್ಮಣ್ಣ ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡು ಎದ್ದು ಹೋದ. ಕಟ್ಟಳೆಯ ಪ್ರಕಾರ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅವಳನ್ನು ಬಂಡೆಯ ಹತ್ತಿರ ಕರೆಯುವ ಬಾಯಿ ಊರಲ್ಲಿ ಯಾರಿಗೂ ಇರಲಿಲ್ಲ, ಕರೆಯದೆ ಉಳಿ ಹಿಡಿಯುವ ಧೈರ್ಯವೂ ಇರಲಿಲ್ಲ. ಕಸುಬು ಹಾಗೆಯೇ ನಿಂತಿತು ಎನ್ನುತ್ತಾರೆ. ಇವತ್ತಿಗೂ ಗುಡ್ಡದ ಬುಡಕ್ಕೆ ಹೋದವರಿಗೆ ಜಾಲಿಯ ನಡುವೆ ದುಂಡಗೆ ಕಡಿದ ಬೀಸುವ ಕಲ್ಲುಗಳು ಸಿಗುತ್ತವೆ. ಒಂದಕ್ಕೂ ನಡುವೆ ಗೂಟದ ತೂತು ಕೊರೆದಿಲ್ಲ.