ಬೆಟ್ಟಸ್ವಾಮಿಯ ಟಿವಿಗೆ ಐದು ವರ್ಷದ ಭರವಸೆ

ಮಾರನಕಟ್ಟೆ ಎಂಬ ಊರಿನಲ್ಲಿ ಬೆಟ್ಟಸ್ವಾಮಿ ಎಂಬ ಎಳನೀರು ವ್ಯಾಪಾರಿ ಇದ್ದ. ತೋಟ ತೋಟ ಸುತ್ತಿ ಗೊನೆ ಇಳಿಸಿ ಲಾರಿಗೆ ತುಂಬಿಸುವುದು ಅವನ ಕೆಲಸ. ಯಾರನ್ನೂ ನಂಬುವ ಆಸಾಮಿಯಲ್ಲ. ಅಕ್ಕಿ ತಂದರೆ ಮೂಟೆಯ ತಳಕ್ಕೆ ಕೈ ಹಾಕಿ ನೋಡುತ್ತಿದ್ದ. ಪೆಟ್ರೋಲ್ ಹಾಕಿಸಿದರೆ ಮೀಟರಿನಿಂದ ಕಣ್ಣು ಕೀಳುತ್ತಿರಲಿಲ್ಲ. ಯಾರಾದರೂ ತಾವಾಗಿ ಕರೆದು ಕಾಫಿ ಕೊಟ್ಟರೆ, ಇವನಿಗೆ ನನ್ನಿಂದ ಏನಾಗಬೇಕೋ ಎಂದು ಯೋಚಿಸುತ್ತ ಅರ್ಧ ಲೋಟ ಬಿಟ್ಟು ಏಳುತ್ತಿದ್ದ.

"ನನ್ನನ್ನ ಯಾಮಾರಿಸೋ ಗಂಡು ಈ ತಾಲ್ಲೂಕಲ್ಲೇ ಹುಟ್ಟಿಲ್ಲ" ಎಂದು ಮೀಸೆ ತಿರುವುತ್ತಿದ್ದ.

ಹುಟ್ಟಿದ್ದ. ಟೈ ಕಟ್ಟಿಕೊಂಡು ಟೌನಿನ ಟಿವಿ ಅಂಗಡಿಯಲ್ಲಿ ನಿಂತಿದ್ದ.

ಬೆಟ್ಟಸ್ವಾಮಿ ಆ ಅಂಗಡಿಗೆ ಹೋಗಲು ಕಾರಣ ಅವನ ಮಗಳು ಮೋನಿಷಾ. ಹುಡುಗಿ ಕಬಡ್ಡಿಯಲ್ಲಿ ಹುಲಿ. ಊರ ಶಾಲೆಯ ಮಣ್ಣಲ್ಲಿ ಬಿದ್ದೆದ್ದು, ಟೌನಿನ ಹಾಸ್ಟೆಲಿನಲ್ಲಿದ್ದು ಕಲಿತು, ಆಡುತ್ತ ಆಡುತ್ತ ರಾಜ್ಯದ ತಂಡಕ್ಕೇ ಸೇರಿದ್ದಳು. ಬರುವ ಭಾನುವಾರ ಸಂಜೆ ಅವಳ ಆಟ ಟಿವಿಯಲ್ಲಿ ಬರುವುದಿತ್ತು. ಅಪ್ಪ ಮಾತ್ರ ಅವಳು ಆಡುವುದನ್ನು ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ. ಆಟವಿದ್ದ ದಿನವೆಲ್ಲ ಇವನಿಗೆ ಲೋಡು ಇರುತ್ತಿತ್ತು.

"ಅಪ್ಪಾ, ಈ ಸಲನಾದ್ರೂ ನೋಡ್ತೀಯಾ?" ಎಂದು ಅವಳು ಫೋನಿನಲ್ಲಿ ಕೇಳಿದಳು.

"ನೋಡ್ತೀನಾ? ಗೋಡೆ ಅಗಲದ ಟಿವಿ ತಂದು ಬೀದಿಗೆಲ್ಲ ತೋರುಸ್ತೀನಿ ಸುಮ್ಕಿರು" ಎಂದ ಬೆಟ್ಟಸ್ವಾಮಿ.

ಹೆಂಡತಿ ಪುಟ್ಟಲಕ್ಷ್ಮಿಯನ್ನು ಕರೆದುಕೊಂಡು ಅಂಗಡಿಗೆ ಹೋದ. ಅಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಟಿವಿಯ ಬೆನ್ನಿಗೆ, ಎಳನೀರು ಬಡಿದು ನೋಡುವಂತೆ, ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟ.

"ಏನ್ ಸಾರ್ ನೋಡ್ತಿದೀರಿ?" ಎಂದು ಸೇಲ್ಸಿನವನು ಬಂದ.

"ಒಳಗೆ ಮಾಲು ಇದ್ಯೋ ಇಲ್ವೋ ಅಂತ."

"ಕಲ್ಲು ಸಾರ್ ಇದು, ಕಲ್ಲು! ಹತ್ತು ವರ್ಷ ತಿರುಗಿ ನೋಡಂಗಿಲ್ಲ. ನಮ್ಮತ್ತೆ ಮನೇಲೂ ಇದೇ ಇರೋದು. ಒಂದು ದಿನ ಕೆಮ್ಮಿಲ್ಲ."

ಚೌಕಾಸಿ ನಡೆಯಿತು. ಬೆಟ್ಟಸ್ವಾಮಿ ಜಗ್ಗಿ ಜಗ್ಗಿ ಇಳಿಸಿ, ಗೆದ್ದೆ ಎಂದುಕೊಂಡು ಹಣ ಕೊಟ್ಟ. ಗಲ್ಲಾಪೆಟ್ಟಿಗೆ ಮುಚ್ಚಿದ್ದೇ ತಡ, ಸೇಲ್ಸಿನವನ ಮುಖ ಆಸ್ಪತ್ರೆಗೆ ರೋಗಿ ನೋಡಲು ಬಂದವನ ಹಾಗೆ ಸಣ್ಣಗಾಯಿತು.

"ಸಾರ್, ನಮ್ಮೋರು ಅಂತ ಒಂದು ಮಾತು ಹೇಳ್ತೀನಿ. ಈಗಿನ ಟಿವಿ ಭಾರಿ ನಾಜೂಕು. ಒಳಗೆ ಏನಾದ್ರೂ ಒಂದು ಹೋದ್ರೆ ಟಿವೀನೇ ಹೋದಂಗೆ. ರಿಪೇರಿ ಖರ್ಚು ಕೇಳಿದ್ರೆ ಎದೆ ಒಡೆಯುತ್ತೆ."

ಪುಟ್ಟಲಕ್ಷ್ಮಿ ಸೆರಗು ಸರಿಮಾಡಿಕೊಂಡಳು. "ಅಲ್ಲ ಕಣಪ್ಪ, ಈಗ್ತಾನೆ ಕಲ್ಲು ಅಂದೆ. ದುಡ್ಡು ಪೆಟ್ಟಿಗೆಗೆ ಬೀಳೋ ಅಷ್ಟರಲ್ಲಿ ಹಪ್ಪಳ ಆಗೋಯ್ತಾ?"

"ಮೇಡಂ ಒಳ್ಳೆ ಜೋಕ್ ಮಾಡ್ತಾರೆ" ಎಂದು ಅವನು ನಕ್ಕ. ನಗುತ್ತಲೇ ಅವಳಿಗೆ ಬೆನ್ನು ಕೊಟ್ಟು ಬೆಟ್ಟಸ್ವಾಮಿಯ ಕಡೆ ತಿರುಗಿದ. ಎಲ್ಲಿ ಕೈ ಹಾಕಿದರೆ ಗೊನೆ ಬೀಳುತ್ತದೆ ಎಂಬುದು ಆ ಕಸುಬಿನವರಿಗೂ ಗೊತ್ತು.

"ಸಾರ್, ನಿಮ್ಮನ್ನ ನೋಡಿದ್ರೇನೇ ಗೊತ್ತಾಗುತ್ತೆ. ನೀವು ಯಾರನ್ನೂ ಸುಲಭಕ್ಕೆ ನಂಬೋರಲ್ಲ."

ಬೆಟ್ಟಸ್ವಾಮಿಯ ಎದೆ ಗೇಣು ಹಿಗ್ಗಿತು. "ನಂಬೋದಾ? ನಮ್ಮಪ್ಪನ್ನೇ ನಂಬಿದೋನಲ್ಲ ನಾನು."

"ಮತ್ತೆ ಟಿವಿ ಕಂಪನೀನ ಯಾಕ್ ಸಾರ್ ನಂಬ್ತೀರಿ? ನಂಬಲೇಬೇಡಿ! ಪೆದ್ದರು ನಂಬ್ಕೊಂಡು ಹಂಗೇ ಎತ್ಕೊಂಡು ಹೋಗ್ತಾರೆ. ನಿಮ್ಮಂಥ ಹುಷಾರಾದೋರು ಐದು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸ್ಕೊಂಡು ಹೋಗ್ತಾರೆ. ಟಿವಿಗೆ ಏನೇ ಆಗ್ಲಿ, ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ಕೊಳಿ."

ಅನುಮಾನದ ಮನುಷ್ಯನನ್ನು ಹೊಗಳಿ ಬೀಳಿಸುವುದು ಕಷ್ಟ. ಅವನ ಅನುಮಾನವನ್ನೇ ಹೊಗಳಿದರೆ ತಾನಾಗಿ ಬಂದು ಬೀಳುತ್ತಾನೆ.

"ಯಾವ್ಯಾವುದಕ್ಕೆ ಕೊಡಲ್ಲ, ಅದನ್ನ ಹೇಳಪ್ಪ ಮೊದಲು" ಎಂದಳು ಪುಟ್ಟಲಕ್ಷ್ಮಿ.

"ಎ ಟು ಝಡ್ ಮೇಡಂ. ಎಲ್ಲಾ ಬರುತ್ತೆ."

"ಎಲ್ಲಾ ಅಂದ್ರೆ?"

"ಸುಮ್ಕಿರಮ್ಮಿ, ವ್ಯಾಪಾರ ನನಗೆ ಗೊತ್ತು" ಎಂದು ಬೆಟ್ಟಸ್ವಾಮಿ ಗದರಿದ. ಒಂದು ಲೋಡು ಎಳನೀರಿನ ಲಾಭ ಆ ವಾರಂಟಿಗೆ ಹೋಯಿತು. ಮೂಟೆಯ ತಳಕ್ಕೆ ಕೈ ಹಾಕುವವನು ಅವತ್ತು ವಾರಂಟಿ ಕಾಗದದ ಎರಡನೇ ಮಗ್ಗುಲನ್ನು ತಿರುವಿಯೂ ನೋಡಲಿಲ್ಲ. ಅಂಗಡಿಯವರು ಕೊಟ್ಟ ಬಿಟ್ಟಿ ಕಾಫಿಯನ್ನಂತೂ ತಳ ಕಾಣುವವರೆಗೆ ಕುಡಿದ.

ಟಿವಿ ಗೋಡೆ ಏರಿತು. ಬೀದಿಯವರೆಲ್ಲ ಬಂದು ನೋಡಿದರು. ಎದುರುಮನೆಯ ಚಿಕ್ಕೀರಮ್ಮನೂ ಬಂದಳು. ಊರ ವರಸೆಯಲ್ಲಿ ಅವಳು ಬೆಟ್ಟಸ್ವಾಮಿಗೆ ಅತ್ತೆಯಾಗಬೇಕು. ಅವಳ ಮನೆಯಲ್ಲಿ ಇದ್ದದ್ದು ಹಳೇ ಡಬ್ಬ ಟಿವಿ.

"ಅತ್ತೆ, ನಿನ್ನ ಡಬ್ಬದೊಳಗೆ ಇನ್ನ ಕೋಳಿ ಕವುಚಾಕು. ಭಾನುವಾರ ಇಲ್ಲಿಗೆ ಬಾ. ಮೋನಿಷಾ ಕಾಲುಗುರೂ ಕಾಣ್ತದೆ" ಎಂದ ಬೆಟ್ಟಸ್ವಾಮಿ.

"ಕಾಣ್ಲಿ ಕಣಪ್ಪ. ಮೋಡ ಬಂದಾಗ ಮಾತ್ರ ವೈರು ಕಿತ್ತುಬಿಡು" ಎಂದಳು ಚಿಕ್ಕೀರಮ್ಮ.

ಆ ಬೀದಿಯಲ್ಲಿ ಅದೊಂದು ಪದ್ಧತಿ. ಮೋಡ ಮೊದಲ ಸಲ ಗುಡುಗಿದ ಕೂಡಲೇ ಯಾರಾದರೂ ಒಬ್ಬರು "ವೈರು ಕೀಳ್ರೋ!" ಎಂದು ಕೂಗುತ್ತಿದ್ದರು. ಆ ಕೂಗು ಮನೆಯಿಂದ ಮನೆಗೆ ದಾಟುತ್ತ ಬೀದಿಯ ಕೊನೆ ಮುಟ್ಟುತ್ತಿತ್ತು. ಒಲೆ ಮುಂದಿದ್ದವರೂ ಎದ್ದು ಬಂದು ಕರೆಂಟಿನ ವೈರು, ಡಿಶ್ಶಿನ ವೈರು ಎರಡನ್ನೂ ಕಿತ್ತು ಆಮೇಲೇ ಒಲೆ ಕಡೆ ಹೋಗುತ್ತಿದ್ದರು. ಇದಕ್ಕೆ ಕಾಸು ಖರ್ಚಿಲ್ಲ. ಎದ್ದು ನಿಂತರೆ ಸಾಕು.

ಗುರುವಾರ ಸಂಜೆ ಗುಡುಗಿತು. "ವೈರು ಕೀಳ್ರೋ!" ಕೂಗು ಬಂತು. ಪುಟ್ಟಲಕ್ಷ್ಮಿ ಅಡುಗೆಮನೆಯಿಂದ ಓಡಿಬಂದು ಕೈ ಚಾಚಿದಳು. ಬೆಟ್ಟಸ್ವಾಮಿ ಆ ಕೈ ಹಿಡಿದುಕೊಂಡ.

"ಬುಡು! ಅದು ವಾರಂಟಿ ಇಲ್ಲದೋರ ಕೆಲಸ. ಸುಟ್ಟೋದ್ರೆ ಸುಟ್ಟೋಗ್ಲಿ, ಕಂಪನಿ ತಲೆನೋವು."

"ಭಾನುವಾರ ಮಗಳ ಆಟ ಐತೆ ಕಣ್ರೀ. ಅವತ್ತು ಕಂಪನಿಯೋರು ಬಂದು ನಮ್ಮನೇಲಿ ಕಬಡ್ಡಿ ಆಡ್ತಾರಾ?"

"ಹೊಸಾದು ತಂದು ಕೊಡ್ತಾರೆ ಸುಮ್ಕಿರು. ಎ ಟು ಝಡ್ ಅಂದಿಲ್ವಾ ಅವನು?"

ಅತ್ತ ಚಿಕ್ಕೀರಮ್ಮ ಬಾಗಿಲಲ್ಲಿ ನಿಂತು "ಲೇ ಬೆಟ್ಟ, ಕಿತ್ಯೇನ್ಲಾ?" ಎಂದು ಕೂಗಿದಳು. ಇವನು ಬೇಕೆಂದೇ ಟಿವಿಯ ಸೌಂಡು ಜೋರು ಮಾಡಿದ.

ಬೀದಿಗೆಲ್ಲ ಬೆಳಕಾಯಿತು. ಕಿವಿ ಕಿತ್ತುಹೋಗುವ ಸದ್ದು. ಗೋಡೆಯಲ್ಲಿ ಚಟ್ ಎಂದಿತು. ಟಿವಿ ಕಪ್ಪಾಯಿತು, ಸುಟ್ಟ ರಬ್ಬರಿನ ವಾಸನೆ ಮನೆ ತುಂಬಿತು. ಸಾಲು ಮನೆಗಳಲ್ಲಿ ಬೇರೆ ಯಾರ ಟಿವಿಗೂ ಏನೂ ಆಗಲಿಲ್ಲ.

ಬೆಟ್ಟಸ್ವಾಮಿಗೆ ಆಗಲೂ ನಗು! ವಾರಂಟಿ ಕಂಪನಿಗೆ ಫೋನು ಹಚ್ಚಿದ. ಅದು ಕನ್ನಡಕ್ಕೆ ಒಂದು ಒತ್ತಿ ಎಂದಿತು, ದೂರಿಗೆ ಇನ್ನೊಂದು ಒತ್ತಿ ಎಂದಿತು, ಆಮೇಲೆ ಹಾಡು ಹಾಕಿತು. ಹಾಡು ಕೇಳಿ ಕೇಳಿ ಅವನ ನಗು ಅರ್ಧ ಇಳಿಯಿತು. ಕೊನೆಗೆ ಶನಿವಾರ ಆ ಕಂಪನಿಯವನೊಬ್ಬ ಬಂದ. ಟಿವಿ ಬಿಚ್ಚಿ ಫೋಟೋ ಹೊಡೆದುಕೊಂಡು ಮರ್ಯಾದೆಯಿಂದ ಹೇಳಿದ.

"ಸಾರ್, ಇದು ಸಿಡಿಲು. ಪ್ರಕೃತಿ ವಿಕೋಪ. ವಾರಂಟೀಲಿ ಬರಲ್ಲ."

"ಎಲ್ಲಾ ಬರುತ್ತೆ ಅಂದಿದ್ನಲ್ಲ!"

"ಅದು ಅಂಗಡಿಯೋರು ಹೇಳಿರ್ಬೇಕು ಸಾರ್. ಅವರು ಬೇರೆ, ನಾವು ಬೇರೆ. ಟಿವಿ ತಾನಾಗೇ ಕೆಟ್ಟರೆ ಮಾತ್ರ ನಮ್ಮದು. ಸಿಡಿಲು ದೇವರು ಮಾಡಿದ್ದು."

"ದೇವ್ರು ಮಾಡ್ದೆ ಇರೋದು ಯಾವುದಿದೆ ಈ ಊರಲ್ಲಿ?" ಎಂದು ಬೆಟ್ಟಸ್ವಾಮಿ ರೇಗಿದ. "ತಾನಾಗೇ ಕೆಟ್ಟಿದೆ ಅಂತ್ಲೇ ಬರ್ಕೋ. ಅದಕ್ಕೇ ತಾನೇ ದುಡ್ಡು ಕೊಟ್ಟಿರೋದು?"

"ಹಂಗೆ ಬರೆದ್ರೂ ಆಗಲ್ಲ ಸಾರ್. ಮೊದಲ ವರ್ಷ ಟಿವಿ ಮಾಡಿದ ಕಂಪನಿಯದ್ದೇ ಗ್ಯಾರಂಟಿ, ಅದು ಪುಕ್ಕಟೆ. ಅದ್ರಲ್ಲೂ ಸಿಡಿಲು ಬರಲ್ಲ. ನೀವು ದುಡ್ಡು ಕೊಟ್ಟಿರೋ ವಾರಂಟಿ ಮುಂದಿನ ವರ್ಷದಿಂದ ಶುರು."

ಇನ್ನೂ ಹುಟ್ಟದ ಕಾವಲುಗಾರನನ್ನು ನಂಬಿ ಬೆಟ್ಟಸ್ವಾಮಿ ಬಾಗಿಲು ತೆರೆದಿಟ್ಟಿದ್ದ. ಅವನು ಪಡಸಾಲೆಯಲ್ಲಿ ಕುಸಿದು ಕೂತ. ಪುಟ್ಟಲಕ್ಷ್ಮಿ ವಾರಂಟಿ ಕಾಗದವನ್ನು ತಂದು ಅವನ ಮುಂದಿಟ್ಟು ಅಡುಗೆಮನೆಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ.

ಭಾನುವಾರ ಸಂಜೆಯಾಯಿತು. ಮೊಬೈಲಲ್ಲಾದರೂ ನೋಡೋಣವೆಂದರೆ ಆ ಬೀದಿಯಲ್ಲಿ ಇಂಟರ್‌ನೆಟ್ ಸಿಗುವುದೇ ಅಪರೂಪ, ಪರದೆಯ ಮೇಲೆ ಬರೀ ಚಕ್ರ ಸುತ್ತುತ್ತಿತ್ತು. ಎದುರುಮನೆಯಿಂದ "ಮೋನಿ ಬಂದ್ಲು, ಮೋನಿ ಬಂದ್ಲು!" ಎಂಬ ಕೇಕೆ ಕೇಳಿತು. ತನ್ನ ಮಗಳನ್ನು ಊರೆಲ್ಲ ನೋಡುತ್ತಿದೆ, ತಾನೊಬ್ಬ ಕತ್ತಲ ಟಿವಿಯ ಮುಂದೆ ಕೂತಿದ್ದೇನೆ ಎಂದುಕೊಂಡ. ಎದ್ದ. ಬೀದಿ ದಾಟಲು ಮೂರು ಮಾರು ದೂರ. ಆ ಮೂರು ಮಾರು ಅವನಿಗೆ ಲಾರಿ ತುಂಬುವುದಕ್ಕಿಂತ ಭಾರವಾಯಿತು. ಹೆಂಡತಿ ಆಗಲೇ ಒಳಗಿದ್ದಳು. ಇವನು ಬಾಗಿಲ ಹೊರಗೇ ನಿಂತ.

"ಯಾಕ್ಲಾ ಅಲ್ಲೇ ನಿಂತೆ?" ಎಂದಳು ಚಿಕ್ಕೀರಮ್ಮ. "ಕೋಳಿ ಇನ್ನೂ ಕವುಚಿಲ್ಲ, ಬಾ ಒಳಿಕ್ಕೆ. ಟಿವಿ ನಂದು. ಮಗಳು ನಿಂದು."

ಜನ ಗೊಳ್ಳೆಂದು ನಕ್ಕರು. ನಗುತ್ತಲೇ ಒತ್ತಿಕೊಂಡು ಜಾಗ ಮಾಡಿದರು. ಡಬ್ಬ ಟಿವಿಯಲ್ಲಿ ಬಣ್ಣ ಹಸಿರಿಗೆ ತಿರುಗಿತ್ತು, ಮಧ್ಯೆ ಮಧ್ಯೆ ಗೆರೆ ಓಡುತ್ತಿತ್ತು. ಅದರೊಳಗೆ ಗೇಣುದ್ದದ ಮೋನಿಷಾ ಎದುರಾಳಿಗಳ ಅಂಕಣಕ್ಕೆ ನುಗ್ಗಿದಳು. ಮೂವರು ಸುತ್ತುವರಿದು ಒಬ್ಬಳು ಕಾಲು ಹಿಡಿದಳು. ಹುಡುಗಿ ಬಿದ್ದಳು, ಬಿದ್ದವಳು ಮೀನಿನ ಹಾಗೆ ನುಲಿದು ಕೈ ಚಾಚಿ ನಡುಗೆರೆ ಮುಟ್ಟಿದಳು. ಬೆಟ್ಟಸ್ವಾಮಿ ಕಿರುಚಿದ್ದು ಅವನಿಗೇ ಗೊತ್ತಾಗಲಿಲ್ಲ. ಪಕ್ಕದವನ ಹೆಗಲು ನೋಯುವಷ್ಟು ಹಿಚುಕಿದ್ದ.

ಆಟ ಮುಗಿದ ಮೇಲೆ ಫೋನು ಬಂತು. ಎಲ್ಲರಿಗೂ ಕೇಳಲೆಂದು ಬೆಟ್ಟಸ್ವಾಮಿ ಸ್ಪೀಕರಿಗೆ ಹಾಕಿದ. ಮೋನಿಷಾ ಇನ್ನೂ ಏದುಸಿರು ಬಿಡುತ್ತಿದ್ದಳು.

"ಅಪ್ಪಾ, ನೋಡಿದ್ಯಾ?"

"ನೋಡ್ದೆ ಕಣವ್ವ."

"ಹೊಸ ಟಿವೀಲಿ ಹೆಂಗೆ ಕಾಣ್ತಿದ್ದೆ?"

ಬೆಟ್ಟಸ್ವಾಮಿ ಈಗೇನು ಬುರುಡೆ ಬಿಡುತ್ತಾನೋ ಎಂದು ಮನೆಯಲ್ಲಿದ್ದವರೆಲ್ಲ ಅವನ ಬಾಯಿ ನೋಡುತ್ತ ಕೂತರು.

"ಹೊಸಾದು ಸುಟ್ಟೋಯ್ತು ಕಣವ್ವ. ನಾನೇ ಸುಟ್ಟೆ. ನಿನ್ನ ಚಿಕ್ಕೀರಜ್ಜಿ ಮನೇಲಿ ನೋಡ್ದೆ. ಗೇಣುದ್ದ ಕಾಣ್ತಿದ್ದೆ."

"ಅಷ್ಟೇನಾ?"

"ಅಷ್ಟೇ ಕಣವ್ವ. ಅಷ್ಟನ್ನ ನೋಡಕ್ಕೇ ನನ್ನ ಎರಡು ಕಣ್ಣು ಸಾಲ್ಲಿಲ್ಲ."

ನೀತಿ: ಕೊಳ್ಳುವ ತನಕ "ಕೆಡೋದೇ ಇಲ್ಲ" ಎಂದವನು, ಕೊಂಡ ಮೇಲೆ "ಕೆಟ್ಟರೆ?" ಎಂದು ಹೆದರಿಸಿದರೆ, ಮೊದಲು ಅನುಮಾನ ಪಡಬೇಕಾದದ್ದು ಆ ಬಾಯಿಯ ಮೇಲೆ. ಅವನು ನಿಮ್ಮ ಜಾಣತನವನ್ನು ಹೊಗಳಿದರಂತೂ ಜೇಬಿನ ಮೇಲೆ ಕೈ ಇಟ್ಟುಕೊಳ್ಳಿ. ಹೆಚ್ಚಿನ ವಾರಂಟಿ ಕೊಡುತ್ತೇನೆಂದು ಬಂದವನಿಗೆ ಎರಡೇ ಮಾತು ಕೇಳಿ: ಇದು ಎಂದಿನಿಂದ ಶುರು, ಯಾವುದಕ್ಕೆ ಕೊಡುವುದಿಲ್ಲ? ಬಾಯಲ್ಲಿ ಹೇಳಿದ್ದು ಬೇಡ, ಕಾಗದದಲ್ಲಿ ಬೆರಳಿಟ್ಟು ತೋರಿಸಲಿ. ತೋರಿಸದಿದ್ದರೆ ಆ ಹಣವನ್ನು ಮನೆಯ ಡಬ್ಬಿಯಲ್ಲೇ ಇಡಿ. ಟಿವಿ ಕೆಟ್ಟರೆ ರಿಪೇರಿಗಾಯಿತು, ಕೆಡದಿದ್ದರೆ ನಿಮ್ಮದೇ ಉಳಿಯಿತು. ವಾರಂಟಿ ಕೊಂಡರೂ ಸರಿ, ಬಿಟ್ಟರೂ ಸರಿ, ಗುಡುಗಿದಾಗ ಎದ್ದು ವೈರು ಕೀಳುವ ಕೆಲಸವನ್ನು ಯಾವ ಕಂಪನಿಗೂ ಮಾರಬೇಡಿ.